ಗ್ರಂಥಪಾಲನಿಗೂ ಗುರು ಬೇಕು

ಗಿರಣಿಗೆ ಹೊಸದಾಗಿ ಸೇರಿದ ಹುಡುಗನನ್ನು ಮೊದಲ ದಿನವೇ ಯಂತ್ರದ ಮುಂದೆ ಒಂಟಿಯಾಗಿ ನಿಲ್ಲಿಸುವವರಿಲ್ಲ. ಮೇಸ್ತ್ರಿಯ ಮಗ್ಗುಲಲ್ಲಿ ನಿಂತು ಅವನು ಕೆಲಸ ಕಲಿಯುತ್ತಾನೆ. ಅಂಗಡಿಯ ಹುಡುಗನೂ ಅಷ್ಟೇ: ಮೊದಲು ತಕ್ಕಡಿ, ಆಮೇಲೆ ಲೆಕ್ಕದ ಪುಸ್ತಕ. ಗ್ರಂಥಾಲಯದ ಕೆಲಸಕ್ಕೆ ಬಂದವನಿಗೆ ಮಾತ್ರ ಬೀಗದ ಕೈ ಕೊಟ್ಟರೆ ಸಾಕೆಂದು ನಮ್ಮವರು ತಿಳಿದಂತಿದೆ.

ಇದು ಎಂತಹ ತಪ್ಪೆಂಬುದಕ್ಕೆ ನಮ್ಮ ಜಿಲ್ಲೆಯ ನಂಟುಳ್ಳ ಹಿರಿಯರೊಬ್ಬರ ಬಾಳೇ ಸಾಕ್ಷಿ. ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಮೇಷ್ಟರಾಗಿ ಬಂದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದಾಗ ಆ ಕೆಲಸ ಅವರಿಗೆ ಬೇಸರ ತಂದಿತು, ಪಾಠಕ್ಕೇ ಮರಳುತ್ತೇನೆಂದರು. ಅವರನ್ನು ತರಬೇತಿಗಾಗಿ ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿ ಕ್ರಾಯ್ಡನ್ ಪಟ್ಟಣದ ಗ್ರಂಥಪಾಲ ಬರ್ವಿಕ್ ಸೇಯರ್ಸ್ ಅವರಿಗೆ ಗುರುವಾಗಿ ದೊರೆತರು. ತಮ್ಮ ಗ್ರಂಥಾಲಯದ ಒಳಗುಟ್ಟನ್ನೆಲ್ಲ ತೋರಿಸಿಕೊಟ್ಟರು. 1925ರಲ್ಲಿ ಮರಳಿದವರು ಬೇರೆಯೇ ರಂಗನಾಥನ್! 1929ರಲ್ಲಿ ಮದ್ರಾಸಿನಲ್ಲಿ ಗ್ರಂಥಪಾಲರಿಗೆ ತರಬೇತಿ ಆರಂಭಿಸಿದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಗ್ರಂಥವನ್ನು ಪ್ರಕಟಿಸಿದರು, 1962ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರ ಕಟ್ಟಿದರು. ಗುರು ಸಿಕ್ಕಿದ್ದರಿಂದಲೇ ಅವರು ಗುರುವಾದರು.

ಇಂದಿನ ಸ್ಥಿತಿಯೇನು? ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕ ಗ್ರಂಥಪಾಲನಿಗೆ ಬಡ್ತಿಯ ಏಣಿಯುಂಟು, 2018ರ ಯು.ಜಿ.ಸಿ. ನಿಯಮಗಳು ಅದರ ಮೆಟ್ಟಿಲುಗಳನ್ನು ಎಣಿಸಿ ಹೇಳಿವೆ. ಆದರೆ ಪುಸ್ತಕ ಹೊತ್ತು, ಧೂಳು ಕೊಡವಿ, ಕಪಾಟು ಜೋಡಿಸುವ ಗುತ್ತಿಗೆಯಾಳಿಗೆ ಆ ಏಣಿ ಎಟುಕದು. ಗ್ರಾಮ ಪಂಚಾಯತಿನ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಮಂಡೆಕೋಲಿನಂತಹ ಗಡಿಗ್ರಾಮದ ಮಕ್ಕಳಿಗೆ ವಿಶ್ವವಿದ್ಯಾನಿಲಯದ ಮೊದಲ ಬಾಗಿಲೆಂದರೆ ಅದೇ. ಆ ಬಾಗಿಲು ತೆರೆಯುವವರನ್ನು ಮೇಲ್ವಿಚಾರಕರೆಂದು ಕರೆದು, ಬಹುಕಾಲ ಗೌರವ ಸಂಭಾವನೆಯಲ್ಲೇ ದುಡಿಸಿದೆವು. ಹೆಸರಿನಲ್ಲಿ ಗೌರವ, ಕೈಯಲ್ಲಿ ಚಿಲ್ಲರೆ!

1965ರ ಗ್ರಂಥಾಲಯ ಕಾಯಿದೆಯಂತೆ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ತೆರುತ್ತಿದ್ದೇವೆ. ಆದ್ದರಿಂದ ಕೇಳುವ ಹಕ್ಕು ನಮಗಿದೆ. ಹೊಸಬನನ್ನು ಒಂದು ವರ್ಷ ಅನುಭವಸ್ಥನ ಜೊತೆ ಇರಿಸಿರಿ. ಮಂಗಳೂರು ವಿಶ್ವವಿದ್ಯಾನಿಲಯದ ಗ್ರಂಥಾಲಯವು ಹಳ್ಳಿಯ ಮೇಲ್ವಿಚಾರಕರನ್ನು ಸರದಿಯಂತೆ ಕರೆಸಿ ಕೆಲಸ ಕಲಿಸಲಿ. ಮುಂದೆ ಓದಬಯಸುವವರಿಗೆ ಸಂಬಳ ಸಹಿತ ರಜೆ ಸಿಗಲಿ. ಓದಿ ಬಂದವರಿಗೆ ಖಾಯಂ ಹುದ್ದೆ ದೊರೆಯಲಿ.

ಮುಂದೆ ಗುರಿ, ಹಿಂದೆ ಗುರು ಇರಬೇಕೆಂಬುದು ನಮ್ಮ ಹಿರಿಯರ ಮಾತು. ಎರಡನ್ನೂ ಕೊಡದೆ ಬರಿಯ ಬೀಗದ ಕೈ ಕೊಟ್ಟವರು, ಗ್ರಂಥಾಲಯಕ್ಕೆ ಜನ ಬರುವುದಿಲ್ಲವೆಂದು ಮತ್ತೆ ದೂರಬಾರದು.