ಗೋಡೆ ಬಿಡಿ, ನೆಲ ನೋಡಿ

ಹಳೇ ರಂಗಮಂದಿರವನ್ನು ನವೀಕರಿಸುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ, ನಾಟಕಗಳಿಗೆ ಬೆಳಕು ಮಾಡಿಕೊಂಡಿರುವ ನನಗೆ ಮೊದಲು ದಿಗಿಲಾಗುವುದು ಟೈಲ್ಸ್ ನೆನೆದು. ನಮ್ಮ ಕಡೆಯ ಒಂದೂರಿನಲ್ಲಿ ಹೀಗೇ ಆಯಿತು. ಮರದ ಹಲಗೆಯ ವೇದಿಕೆ ಕಿತ್ತುಹಾಕಿ ಫಳಫಳ ಹೊಳೆಯುವ ಟೈಲ್ಸ್ ಕೂರಿಸಿದರು. ಈಗ ಬರಿಗಾಲಿನ ನಟಿ ಓಡಿ ಬಂದರೆ ಜಾರುತ್ತಾಳೆ. ಸೆಟ್ ಹಾಕುವವರು ಒಂದು ಮೊಳೆ ಹೊಡೆಯುವಂತಿಲ್ಲ, ಫ್ಲಾಟ್ ನಿಲ್ಲಿಸಲು ಮರಳು ಚೀಲ ಹೊತ್ತು ತರಬೇಕು. ನಾನು ಮೇಲಿನಿಂದ ಒಂದು ಸ್ಪಾಟ್ ಬಿಟ್ಟರೆ ಅದು ನೆಲಕ್ಕೆ ಬಡಿದು ಹಿಂದಿನ ಪರದೆಯ ಮೇಲೆ ಹುಣ್ಣಿಮೆ ಚಂದ್ರನ ಹಾಗೆ ಮೂಡುತ್ತದೆ, ನಾಟಕದಲ್ಲಿ ಅಮಾವಾಸ್ಯೆ ಇದ್ದರೂ ಸರಿ. ಲೈಟು ಕಟ್ಟಲು ಪೈಪು ಎಲ್ಲಿ ಅಂತ ಕೇಳಿದರೆ ಹೂಬಳ್ಳಿ ಬಿಡಿಸಿದ ಫಾಲ್ಸ್ ಸೀಲಿಂಗ್ ತೋರಿಸಿದರು. ಉದ್ಘಾಟನೆಗೆ ಬಂದವರೆಲ್ಲ ಬಲು ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇತ್ತು, ಆರತಕ್ಷತೆಗೆ.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಪ್ಯಾರಿಸ್ಸಿನ ಬೂಫ್ ದ್ಯು ನೋರ್. ನಾನು ಅಲ್ಲಿಗೆ ಹೋದವನಲ್ಲ. ಫೋಟೊ, ವಿಡಿಯೊಗಳಲ್ಲಿ ನೋಡಿದ್ದು. ಅದೂ ನಟರನ್ನು ಬಿಟ್ಟು, ಲೈಟು ಎಲ್ಲಿ ಕಟ್ಟಿದ್ದಾರೆ ಅಂತ. 1876ರಲ್ಲಿ ಕಟ್ಟಿದ ಈ ನಾಟಕಶಾಲೆ ಇರುವುದು ಗಾರ್ ದ್ಯು ನೋರ್ ರೈಲು ನಿಲ್ದಾಣದ ಹಿಂಬದಿಯಲ್ಲಿ. ಸಿರಿವಂತರು ನಾಟಕಕ್ಕೆಂದು ಹೋಗುತ್ತಿದ್ದ ಬೀದಿಗಳಿಂದ ದೂರ. ಈಗ ಸುತ್ತಲೂ ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳು. ಅಲ್ಲಿ ದೋಸೆ ತಿಂದು ನಾಟಕಕ್ಕೆ ಹೋಗಬಹುದು. 1952ರಲ್ಲಿ ಬಾಗಿಲು ಹಾಕಿದ್ದ ಈ ಕಟ್ಟಡವನ್ನು 1974ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಮತ್ತು ಅವರ ಜೊತೆಗಾರ್ತಿ ಮಿಶ್ಲೀನ್ ರೋಜಾನ್ ಮತ್ತೆ ತೆರೆದರು.

ಅವರು ಏನು ಮಾಡಿದರು ಎನ್ನುವುದಕ್ಕಿಂತ ಏನು ಮಾಡಲಿಲ್ಲ ಎನ್ನುವುದು ನನಗೆ ಮುಖ್ಯ. ಜನ ಕೂರಲು, ನಟರು ನಡೆದಾಡಲು ಅಪಾಯವಿಲ್ಲದಷ್ಟು ರಿಪೇರಿ ಮಾಡಿ, ಗೋಡೆಯನ್ನು ಅದರ ಪಾಡಿಗೆ ಬಿಟ್ಟರು. ಉದುರಿದ ಗಾರೆ, ಮಸಿ, ಅರ್ಧಂಬರ್ಧ ಉಳಿದ ಅಲಂಕಾರ ಎಲ್ಲ ಹಾಗೇ ಇದ್ದವು. ಎತ್ತರದ ವೇದಿಕೆ ಹೋಯಿತು. ನಟರು ಇಳಿದು ಬಂದು, ಹಿಂದೆ ಕುರ್ಚಿಗಳಿದ್ದ ಜಾಗದಲ್ಲಿ, ಮುಂದಿನ ಸಾಲಿನವರ ನೆಲದಲ್ಲೇ ನಿಂತರು. ಸುಮಾರು ಐನೂರು ಜನ ಸುತ್ತ ಕೂರಬಹುದು. ಟಿಕೆಟ್ ದರ ಕಡಿಮೆ ಇಟ್ಟರು. ಮೊದಲ ನಾಟಕ ಷೇಕ್ಸ್‌ಪಿಯರ್‌ನ ‘ಟೈಮನ್ ಆಫ್ ಅಥೆನ್ಸ್’. ಕೊಟ್ಟು ಕೊಟ್ಟು ದಿವಾಳಿಯಾದ ಸಾಹುಕಾರನ ಕತೆಗೆ ಅದಕ್ಕಿಂತ ಒಳ್ಳೆಯ ಸೆಟ್ ಯಾವ ಕಾಂಟ್ರಾಕ್ಟರ್ ಹಾಕಿಕೊಟ್ಟಾನು?

ಬೆಳಕಿನವನ ಮಾತಾಗಿ ಹೇಳುತ್ತೇನೆ, ಆ ಗೋಡೆ ಚಿನ್ನ. ಒರಟು ಮೈ, ಮಾಸಿದ ಕೆಂಪು. ಓರೆಯಾಗಿ ಒಂದು ದೀಪ ಬಿಟ್ಟರೆ ಸಾಕು, ಒಂದೊಂದು ತರಚಿಗೂ ನೆರಳು ಹುಟ್ಟುತ್ತದೆ. ಎಮಲ್ಷನ್ ಬಳಿದ ಗೋಡೆಯ ಮೇಲೆ ಬರುವುದು ಬರೀ ಹೊಳಪು. 1981ರಲ್ಲಿ ಬ್ರೂಕ್ ಅಲ್ಲಿ ಚೆಕಾವ್‌ನ ‘ಚೆರಿ ಆರ್ಚರ್ಡ್’ ಆಡಿಸಿದಾಗ ನೆಲಕ್ಕೆ ಜಮಖಾನೆ ಹಾಸಿದರು. ನಾಟಕದಲ್ಲಿ ಹರಾಜಿಗೆ ಬರುವ ಮನೆ ಯಾವುದೆಂದರೆ ಆ ಕಟ್ಟಡವೇ. ಅದೇ ವರ್ಷ ‘ಕಾರ್ಮೆನ್’ಗೆ ನೆಲದ ತುಂಬ ಮಣ್ಣು ಸುರಿದರು. ನಮ್ಮಲ್ಲಿ ಒಂದು ಬುಟ್ಟಿ ಮಣ್ಣು ಒಳಗೆ ತಂದು ನೋಡಿ, ಡಿಪಾಸಿಟ್ ವಾಪಸು ಬಂದರೆ ಕೇಳಿ. ಪ್ರಾಯೋಗಿಕ ರಂಗಮಂದಿರ ಎಂದು ಬೋರ್ಡು ಬರೆಸುವವರಿಗೆ ನನ್ನದು ಒಂದೇ ಪ್ರಶ್ನೆ: ಒಳಗೆ ಮಣ್ಣು ಸುರಿಯಬಹುದೇ?

ನಕಲು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. 1987ರಲ್ಲಿ ಬ್ರೂಕರ ಒಂಬತ್ತು ಗಂಟೆಯ ‘ಮಹಾಭಾರತ’ವನ್ನು ನ್ಯೂಯಾರ್ಕಿಗೆ ಕರೆಸಿಕೊಳ್ಳಲು, ಬ್ರೂಕ್ಲಿನ್‌ನಲ್ಲಿ ಮುಚ್ಚಿ ಬಿದ್ದಿದ್ದ 1904ರ ಮೆಜೆಸ್ಟಿಕ್ ಥಿಯೇಟರನ್ನು ಸಜ್ಜು ಮಾಡಿದರು. ಅದು ಬೂಫ್‌ನ ಹಾಗೇ ಕಾಣಬೇಕೆಂದು ಲಕ್ಷಗಟ್ಟಲೆ ಡಾಲರ್ ಸುರಿದರು. ಗೋಡೆಯ ಹಳತನಕ್ಕೆ ಕಸುಬುದಾರರು ಬಣ್ಣದಿಂದ ಮೆರುಗು ಕೊಟ್ಟರು. ಪ್ಯಾರಿಸ್ಸಿನಲ್ಲಿ ದುಡ್ಡಿಲ್ಲದೆ ಉಳಿದ ಗಾಯ ಇಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡ ಹಚ್ಚೆಯಾಯಿತು. ಆದರೂ ಪೂರ್ತಿ ಬೈಯಲಾರೆ. ವೇದಿಕೆಯನ್ನು ಮುಂದಕ್ಕೆ ತಂದು ಜನರ ಹತ್ತಿರ ಮಾಡಿದ್ದು ಅಲ್ಲಿನ ನಿಜವಾದ ಕೆಲಸ. ಆಸನಗಳ ಬಗ್ಗೆ ಮಾತ್ರ ಪ್ರೇಕ್ಷಕರು ವರ್ಷಗಟ್ಟಲೆ ಗೊಣಗಿದರು. ರಾತ್ರಿಯಿಡೀ ಚಾಪೆಯ ಮೇಲೆ ಕೂತು ಆಟ ನೋಡುವ ನಮ್ಮ ಕರಾವಳಿಯವರಿಗೆ ಅದು ನಗೆಪಾಟಲು.

ವೇದಿಕೆಗೂ ಜನರಿಗೂ ನಡುವಿನ ದೂರ ಎಂದರೆ ನಮ್ಮಲ್ಲಿ ನೆನಪಾಗುವುದು ಮೊದಲ ಸಾಲಿನ ಸೋಫಾ. ನಾಲ್ಕಡಿ ಎತ್ತರದ ವೇದಿಕೆ, ಅದರ ಮುಂದೆ ಹತ್ತಡಿ ಖಾಲಿ ಜಾಗ, ಆಮೇಲೆ ಗಣ್ಯರಿಗೆಂದು ಬಿಳಿ ಬಟ್ಟೆ ಹೊದಿಸಿದ ಸೋಫಾ. ಗಣ್ಯರು ಭಾಷಣ ಮುಗಿಸಿ ಎದ್ದು ಹೋದ ಮೇಲೆ ನಟ ಸಂಭಾಷಣೆ ಒಪ್ಪಿಸುವುದು ಖಾಲಿ ಸೋಫಾಗಳಿಗೆ. ನವ್ಯ ರಂಗಭೂಮಿಯ ಕಾಲದಲ್ಲಿ ನಮ್ಮವರಿಗೆ ಈ ಕಷ್ಟ ಗೊತ್ತಿತ್ತು. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮೂರನ್ನೂ ಆಡಿಸಿದ್ದು ರವೀಂದ್ರ ಕಲಾಕ್ಷೇತ್ರದ ಒಳಗಲ್ಲ, ಅದರ ಹಿಂದಿನ ಬಯಲಲ್ಲಿ. ಕಲಾಕ್ಷೇತ್ರಕ್ಕೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ.

ಗೋಡೆ ಬಿಡಿ ಅಂದರೆ ವೈರಿಂಗ್ ಬಿಡಿ ಅಂತಲ್ಲ. ನಲವತ್ತು ವರ್ಷದ ಹಳೇ ವೈರಿನ ಮೇಲೆ ಇಪ್ಪತ್ತು ಹ್ಯಾಲೊಜೆನ್ ದೀಪ ಉರಿಸುವಾಗ ನನಗಾಗುವ ಭಯ ಯಾವ ಕವಿಗೂ ಬೇಡ. ತುರ್ತು ಬಾಗಿಲು, ಸರಿಯಾದ ಅರ್ಥಿಂಗ್, ಸೋರದ ಸೂರು, ಗಾಲಿಕುರ್ಚಿಗೆ ಇಳಿಜಾರು, ಗ್ರೀನ್ ರೂಮಿನಲ್ಲಿ ಹೆಂಗಸರಿಗೆ ನೀರು ಬರುವ ಶೌಚಾಲಯ: ದುಡ್ಡು ಇವಕ್ಕೆ ಹೋಗಲಿ. ಫೋಟೊದಲ್ಲಿ ಇವ್ಯಾವುವೂ ಕಾಣುವುದಿಲ್ಲ, ಅದಕ್ಕೇ ಪಟ್ಟಿಯ ಕೊನೆಗೆ ಬಿದ್ದು ಅನುದಾನ ಮುಗಿದ ಮೇಲೆ ಉಳಿದುಹೋಗುತ್ತವೆ.

ಹಾಗಾಗಿ ನಕ್ಷೆ ಬರೆಯುವ ಮೊದಲೇ ಮೂವರನ್ನು ಕರೆಯಿರಿ: ಸೆಟ್ ಕಟ್ಟುವ ಬಡಗಿ ಒಬ್ಬ, ಒಬ್ಬ ನಟಿ, ಒಬ್ಬ ಬೆಳಕಿನವನು. ಆ ಹಾಳು ಕಟ್ಟಡದಲ್ಲೇ ಒಂದು ವಾರ ತಾಲೀಮು ಮಾಡಲು ಬಿಡಿ. ಯಾವ ಗೋಡೆ ಉಳಿಯಬೇಕು, ಎಲ್ಲಿ ಪೈಪು ಬರಬೇಕು, ಜನ ಎಲ್ಲಿ ಕೂರಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡುತ್ತೇವೆ. ಟೆಂಡರ್ ಕರೆಯುವುದು ಆಮೇಲೆ.