ಲೀಡರ್ ಆಗ್ಬೇಕಾ? ಮೊದಲು ಹಾಜರಾತಿ ಸರಿಯಾಗಿ ಬರೀರಿ

ಕೆಲಸದ ಮಾತು | ಭಾಗ 7 👇

ಫ್ರೆಂಡ್ಸ್, ‘ಲೀಡರ್‌ಶಿಪ್’ ಅಂದ ಕೂಡಲೇ ಕ್ಲಾಸ್‌ನಲ್ಲಿ ಬರೋ ಸ್ಲೈಡ್ ನಿಮಗೆ ಗೊತ್ತು. ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತ ಒಬ್ಬ ಮನುಷ್ಯ, ಕೆಳಗೆ ‘ವಿಷನ್’ ಅನ್ನೋ ಪದ. ನನ್ನ ಅಭಿಪ್ರಾಯ ಬೇರೆ. ಜನರಿಂದ ಕೆಲಸ ತೆಗೆಯೋನ ಮೊದಲ ಕೆಲಸ, ಅವರು ಎಷ್ಟು ಗಂಟೆ ದುಡಿದ್ರು ಅಂತ ಸರಿಯಾಗಿ ಲೆಕ್ಕ ಇಡೋದು. ಅದಕ್ಕೆ ಸಲ್ಲಬೇಕಾದ ದುಡ್ಡನ್ನ ಹೇಳಿದ ದಿನ ಕೊಡೋದು. ಮಿಕ್ಕಿದ್ದೆಲ್ಲ ಆಮೇಲೆ.

ಇದರ ಪಾಠ ನಮಗೆ ತೀರಾ ದೂರ ಇಲ್ಲ. ಹೆಬ್ಬಾಳದಿಂದ ರಿಂಗ್ ರೋಡ್ ಹಿಡಿದು, ಕೆ.ಆರ್. ಪುರ, ಹೊಸಕೋಟೆ ದಾಟಿ ಕೋಲಾರದ ಕಡೆ ಹೋದ್ರೆ ನರಸಾಪುರ ಸಿಗುತ್ತೆ. ಅಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಕಾರ್ಮಿಕರ ಸಿಟ್ಟು ಕಟ್ಟೆ ಒಡೆಯಿತು. ಗಾಜು ಪುಡಿಯಾಯ್ತು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು.

ಕಲ್ಲು ಹೊಡೆದದ್ದು ಸರಿನಾ? ಅಲ್ಲ. ಆದ್ರೆ ಆ ಸಿಟ್ಟು ಒಂದೇ ಬೆಳಿಗ್ಗೆ ಹುಟ್ಟಿದ್ದೂ ಅಲ್ಲ.

ರಾಜ್ಯದ ಕಾರ್ಖಾನೆ ಇಲಾಖೆಯ ವರದಿ ಏನು ಹೇಳಿತು ನೋಡಿ:

🔸 ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನ ನೋಡಿಕೊಳ್ಳೋಕೆ, ಕಾರ್ಮಿಕ ಕಾನೂನು ಗೊತ್ತಿರೋ ಎಚ್‌ಆರ್ ಸಿಬ್ಬಂದಿ ಸಾಕಷ್ಟು ಇರಲಿಲ್ಲ.
🔸 8 ಗಂಟೆಯ ಪಾಳಿ 12 ಗಂಟೆ ಆಯ್ತು.
🔸 ಅಕ್ಟೋಬರ್‌ನಲ್ಲಿ ಕೆಟ್ಟ ಹಾಜರಾತಿ ವ್ಯವಸ್ಥೆಯನ್ನ ಸುಮಾರು ಎರಡು ತಿಂಗಳು ಸರಿ ಮಾಡಿರಲಿಲ್ಲ.

ಮೂರನೇದನ್ನ ಇನ್ನೊಮ್ಮೆ ಓದಿ. ಮಷೀನ್ ಕೆಡೋದು ಸಹಜ. ಆದ್ರೆ ಎರಡು ತಿಂಗಳು ಹಾಗೇ ಬಿಟ್ಟಿದ್ದು ಮ್ಯಾನೇಜ್‌ಮೆಂಟ್. ಒಂದು ರಿಜಿಸ್ಟರ್, ಒಂದು ಪೆನ್ನು, ಪಾಳಿಗೊಬ್ಬ ಬರೆಯೋನು ಇದ್ದಿದ್ರೂ ಯಾರು ಎಷ್ಟು ಹೊತ್ತು ದುಡಿದ್ರು ಅನ್ನೋ ದಾಖಲೆ ಉಳೀತಿತ್ತು.

ಆಮೇಲೆ ಏನಾಯ್ತು? ಕೆಲವರಿಗೆ ಸಂಬಳ ಸರಿಯಾಗಿ ಸಿಕ್ಕಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡ್ತಿದ್ದ ವೈಸ್ ಪ್ರೆಸಿಡೆಂಟ್‌ನ ತೆಗೆಯಿತು. ತಪ್ಪು ತಿದ್ದಿಕೊಳ್ಳೋವರೆಗೆ ಹೊಸ ಆರ್ಡರ್ ಇಲ್ಲ ಅಂತ ಆಪಲ್ ಹೇಳಿತು. ಇದೆಲ್ಲ ಬೆಂಕಿ ಬಿದ್ದ ಒಂದು ವಾರದಲ್ಲೇ ಸಾಧ್ಯ ಆಯ್ತು. ಎರಡು ತಿಂಗಳು ಬಾಯಲ್ಲಿ ಕೇಳಿದಾಗ ಯಾಕೆ ಆಗಲಿಲ್ಲ? ನನ್ನನ್ನ ಕಾಡೋದು ಇದೇ ಪ್ರಶ್ನೆ.

‘ಸಂಬಳ ಎಚ್‌ಆರ್ ವಿಷಯ, ಟೀಮ್ ಲೀಡ್‌ಗೇನು ಸಂಬಂಧ?’ ಅಂತೀರಾ? ನೀವು ನಾಳೆ ಮಾನ್ಯತಾದಲ್ಲಿ ಟೀಮ್ ಲೀಡ್ ಆಗಬಹುದು, ಪೀಣ್ಯದಲ್ಲಿ ಸೂಪರ್‌ವೈಸರ್, ಯಲಹಂಕದ ಯಾವುದೋ ಅಂಗಡಿಯಲ್ಲಿ ಫ್ಲೋರ್ ಮ್ಯಾನೇಜರ್. ನಿಮ್ಮ ಕೈಕೆಳಗಿನ ಹುಡುಗನಿಗೆ ಕಂಪನಿ ಅಂದ್ರೆ ನೀವೇ. ಹೆಡ್ ಆಫೀಸು ಅವನಿಗೆ ಕಾಣಲ್ಲ, ನಿಮ್ಮ ಮುಖ ಕಾಣುತ್ತೆ.

ಹಾಗಾಗಿ ಈ ನಾಲ್ಕು ಮಾತು ಸೇವ್ ಮಾಡ್ಕೊಳ್ಳಿ:

1️⃣ ಗಂಟೆಗಳ ಲೆಕ್ಕ ಅವರಿಗೂ ಕಾಣೋ ಹಾಗೆ ಇಡಿ.
2️⃣ ಸಂಬಳ ಕಡಿಮೆ ಬಂತು ಅಂದ್ರೆ ‘ನೋಡೋಣ’ ಅನ್ನಬೇಡಿ. ಯಾವತ್ತು ಉತ್ತರ ಕೊಡ್ತೀರಿ ಅಂತ ತಾರೀಖು ಹೇಳಿ, ಆ ದಿನ ನೀವಾಗೇ ಹೋಗಿ ಮಾತಾಡಿ.
3️⃣ ‘ಅವನು ಕಾಂಟ್ರ್ಯಾಕ್ಟ್, ಏಜೆನ್ಸಿನ ಕೇಳ್ಲಿ’ ಅಂತ ಕೈ ತೊಳ್ಕೋಬೇಡಿ. ನರಸಾಪುರದಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರೇ.
4️⃣ 20 ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ದೂರು ಪರಿಹಾರ ಸಮಿತಿ ಇರಬೇಕು ಅಂತ ಕಾನೂನೇ ಹೇಳುತ್ತೆ. ನಿಮ್ಮಲ್ಲಿ ಇದೆಯಾ ಅಂತ ಕೇಳಿ.

‘ಟೀಮ್ ಅಂದ್ರೆ ಫ್ಯಾಮಿಲಿ’ ಅನ್ನೋ ಭಾಷಣಕ್ಕೆ ದುಡ್ಡು ಖರ್ಚಾಗಲ್ಲ. ಓವರ್‌ಟೈಮ್‌ಗೆ ಆಗುತ್ತೆ. ಅದನ್ನ ಕೇಳೋಕೆ ಮುಂಚೆ ಕೊಡೋನೇ ನನ್ನ ಪ್ರಕಾರ ಲೀಡರ್.

ಇಂಟರ್ನ್‌ಶಿಪ್, ಪಾರ್ಟ್‌ಟೈಮ್ ಮಾಡ್ತಿರೋರೇ, ನಿಮ್ಮ ಗಂಟೆಗಳ ಲೆಕ್ಕ ಯಾರು ಬರೀತಾರೆ? ಕಾಮೆಂಟ್‌ನಲ್ಲಿ ಹೇಳಿ. ಕಂಪನಿ ಹೆಸರು ಬೇಡ 🙏

#ಕೆಲಸದಮಾತು #ಉತ್ತರಬೆಂಗಳೂರು #ಕನ್ನಡದಲ್ಲಿಮ್ಯಾನೇಜ್‌ಮೆಂಟ್