ಬೆನ್ನಿಗೆ ಎಷ್ಟು ಸ್ಟಾರ್?

ನಾವು ಟೆಕ್ಕಿಗಳು ಬಿರಿಯಾನಿಗೂ ಬೆನ್ನುನೋವಿಗೂ ಒಂದೇ ಥರ ಹುಡುಕ್ತೀವಿ: 4.8 ಸ್ಟಾರ್, ಮನೆಗೆ ಹತ್ರ, ಬುಕ್. ನಾನೂ ಹಾಗೇ ಹೋದೆ. ಡಾಕ್ಟರು ನನ್ನ ಬೆನ್ನು ಮುಟ್ಟಲೇ ಇಲ್ಲ. ಎಂಆರ್‌ಐ ನೋಡಿ ‘ಡಿಸ್ಕ್ ಬಲ್ಜ್’ ಅಂದರು; ಕೌಂಟರಿನಲ್ಲಿ ಮೂರು ಇಂಜೆಕ್ಷನ್ನಿನ ಪ್ಯಾಕೇಜು ರೆಡಿ. ನಮ್ಮೂರಲ್ಲಿ ಎತ್ತು ಕುಂಟಿದರೂ ಪಶು ಡಾಕ್ಟರು ಮೊದಲು ಕಾಲು ಹಿಡಿದು ನೋಡ್ತಾರೆ ಸ್ವಾಮಿ!

ಆ ಬಲ್ಜ್ ಇದೆಯಲ್ಲ, ನೋವೇ ಇಲ್ಲದ 20ರ ಹರೆಯದವರ ಸ್ಕ್ಯಾನಿನಲ್ಲೂ ನೂರಕ್ಕೆ ಸುಮಾರು 30 ಮಂದಿಗೆ ಕಾಣುತ್ತದೆ ಅಂತ 2015ರಲ್ಲೇ ಸಂಶೋಧಕರು ಲೆಕ್ಕ ಕೊಟ್ಟಿದ್ದಾರೆ. (ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತು ಬೇರೆ, ಅವತ್ತೇ ಆಸ್ಪತ್ರೆಗೆ ಓಡಬೇಕು.)

ಬೋರ್ಡಿನ ‘ಪೇನ್ ಸ್ಪೆಷಲಿಸ್ಟ್’ ನೋಡಿ ಮರುಳಾಗಬೇಡಿ. ನಮ್ಮಲ್ಲಿ ಈ ಕಡೆ ಬರುವವರು ಹೆಚ್ಚಾಗಿ ಅನಸ್ತೇಶಿಯಾದಲ್ಲಿ ಎಂಡಿ ಮಾಡಿ, ಮೇಲೆ ಫೆಲೋಶಿಪ್ ಮುಗಿಸಿದವರು. ಎಲ್ಲಿ ಕಲಿತಿರಿ, ಈ ಇಂಜೆಕ್ಷನ್ ಬೇಡ ಅಂದರೆ ಏನಾಗುತ್ತೆ ಅಂತ ಕೇಳಿ. ಫ್ರೆಷರ್ ಹುಡುಗನನ್ನು ಇಂಟರ್‌ವ್ಯೂನಲ್ಲಿ ಗಂಟೆಗಟ್ಟಲೆ ಹುರಿಯುವ ನಾವು, ಬೆನ್ನುಹುರಿ ಪಕ್ಕ ಸೂಜಿ ಇಡುವವರ ಮುಂದೆ ತುಟಿ ಬಿಚ್ಚಲ್ಲ.

ಕೇಳಿದ್ದಕ್ಕೆ ಎರಡನೇ ಡಾಕ್ಟರು ಸಿಟ್ಟಾಗಲಿಲ್ಲ. ಬಗ್ಗಿಸಿದರು, ಕಾಲೆತ್ತಿಸಿದರು, ವ್ಯಾಯಾಮ ಬರೆದುಕೊಟ್ಟು ಆರು ವಾರ ಬಿಟ್ಟು ಬನ್ನಿ ಅಂದರು. ಅವರಿಗಿರೋದು 3.9 ಸ್ಟಾರು. ‘ಇಂಜೆಕ್ಷನ್ನೇ ಕೊಡಲಿಲ್ಲ’ ಅಂತ ಯಾರೋ ರಿವ್ಯೂ ಬರೆದಿದ್ದಾರೆ.